ಅಪ್ಪನ ಎಲ್‌ಪಿಗಳಿಗೆ ಬೂಷ್ಟು: ಹೊಸ ಮರುಮುದ್ರಣ ಕೊಳ್ಳಲೇ, ಹಳೆಯದನ್ನೇ ತೊಳೆಯಲೇ? ಅನುಭವವಿದ್ದವರು ಹೇಳಿ

ಆಲ್ದೂರಿನ ಮಳೆ

ಎಲ್ಲರಿಗೂ ನಮಸ್ಕಾರ. ಎಪ್ಪತ್ತರ ದಶಕದಲ್ಲಿ ಬೆಂಗಳೂರಿನಲ್ಲಿ ಓದುತ್ತಿದ್ದಾಗ ನನ್ನ ಅಪ್ಪ ಮೂವತ್ತಕ್ಕೂ ಹೆಚ್ಚು ಎಲ್‌ಪಿ, ಅಂದರೆ ಹಾಡಿನ ದೊಡ್ಡ ತಟ್ಟೆ, ಕೂಡಿಸಿಟ್ಟಿದ್ದರು. ತೋಟ ನೋಡಿಕೊಳ್ಳಲು ಊರಿಗೆ ಬರುವಾಗ ಟ್ರಂಕಿನಲ್ಲಿ ತುಂಬಿ ತಂದವು ಇವತ್ತಿಗೂ ಇವೆ. ಆದರೆ ಈ ಸಲದ ಮಳೆಗೆ ಅರ್ಧಕ್ಕರ್ಧ ಬೂಷ್ಟು ಹಿಡಿದಿವೆ. ಮುಂದಿನ ತಿಂಗಳು ಅವರಿಗೆ ಎಪ್ಪತ್ತೆರಡು ತುಂಬುತ್ತದೆ. ಅವರಿಗೆ ಪ್ರಾಣವಾಗಿದ್ದ ಮೂರು ಆಲ್ಬಂಗಳ ಹೊಸ ಪ್ರತಿ ಕೊಡಿಸೋಣ ಎಂದುಕೊಂಡಿದ್ದೇನೆ: ಬೀಟಲ್ಸ್ ತಂಡದ 'ಸಾರ್ಜೆಂಟ್ ಪೆಪ್ಪರ್ಸ್', ಪಿಂಕ್ ಫ್ಲಾಯ್ಡ್ ತಂಡದ 'ಡಾರ್ಕ್ ಸೈಡ್ ಆಫ್ ದ ಮೂನ್', ಡೀಪ್ ಪರ್ಪಲ್ ತಂಡದ 'ಮಷೀನ್ ಹೆಡ್'. ಹುಡುಕಲು ಹೊರಟರೆ ರೀಮಾಸ್ಟರ್, ರೀಮಿಕ್ಸ್, ಮಾನೊ, 180 ಗ್ರಾಂ, ಐವತ್ತನೇ ವರ್ಷದ ಪೆಟ್ಟಿಗೆ ಎಂದು ತಲೆ ಕೆಟ್ಟುಹೋಯಿತು. ಒಟ್ಟು ಖರ್ಚು ಹದಿನೈದು ಸಾವಿರ ದಾಟಬಾರದು. ರೆಕಾರ್ಡ್ ಪ್ಲೇಯರ್, ಸಿ.ಡಿ. ಪ್ಲೇಯರ್ ಎರಡೂ ಮನೆಯಲ್ಲಿವೆ.

ಇನ್ನೊಂದು ವಿಚಿತ್ರ. ಮೊನ್ನೆ ಮೊಬೈಲಿನಲ್ಲಿ 'ಸಾರ್ಜೆಂಟ್ ಪೆಪ್ಪರ್ಸ್' ಆಲ್ಬಮ್ಮಿನ 'ಷೀಸ್ ಲೀವಿಂಗ್ ಹೋಮ್' ಹಾಕಿದೆ, ಹುಡುಗಿಯೊಬ್ಬಳು ಮನೆ ಬಿಟ್ಟು ಹೋಗುವ ಹಾಡು. ಅಪ್ಪ ಅರ್ಧಕ್ಕೇ ಕೈ ಎತ್ತಿ, "ಇದು ಆ ಹಾಡಲ್ಲ. ಆ ಹುಡುಗಿ ಇಷ್ಟು ನಿಧಾನವಾಗಿ ಮನೆ ಬಿಟ್ಟು ಹೋಗುತ್ತಿರಲಿಲ್ಲ" ಎಂದರು. ವಯಸ್ಸಾಯಿತಲ್ಲ, ಮರೆತಿರಬೇಕು ಎಂದು ನಾನೂ ಸುಮ್ಮನಾದೆ.

ಹಾಸನದ ಹಳೇ ಟೇಪು

ಕವರಿನ ಮೇಲಿನ ಪದಗಳಿಗೆ ಬೆಚ್ಚಬೇಡಿ. ಸ್ಟುಡಿಯೊದ ಮೂಲ ಟೇಪಿನಲ್ಲಿ ಗಿಟಾರ್, ಡ್ರಮ್ಸ್, ದನಿ ಎಲ್ಲವೂ ಬೇರೆಬೇರೆ ಪಟ್ಟಿಗಳಲ್ಲಿ ಇರುತ್ತವೆ. ಅವನ್ನು ಹದವಾಗಿ ಬೆರೆಸಿ ಇಳಿಸಿದ್ದು ಮಿಕ್ಸ್. ರೀಮಾಸ್ಟರ್ ಎಂದರೆ ಇಳಿಸಿಟ್ಟ ಅದೇ ಡಿಕಾಕ್ಷನ್ನಿಗೆ ಹಾಲು, ಸಕ್ಕರೆಯನ್ನು ಹೊಸದಾಗಿ ಹೊಂದಿಸುವುದು. ರೀಮಿಕ್ಸ್ ಎಂದರೆ ಫಿಲ್ಟರ್ ತೊಳೆದು ಪುಡಿಯಿಂದಲೇ ಮತ್ತೊಮ್ಮೆ ಇಳಿಸುವುದು. ಎರಡನೆಯದರಲ್ಲಿ ರುಚಿಯೇ ಬದಲಾಗಬಹುದು, ಮೊದಲು ಕೇಳದಿದ್ದ ವಾದ್ಯವೊಂದು ಎದ್ದು ಬರಬಹುದು, ಹಾಡು ಮುಗಿಯುವ ಜಾಗವೂ ಬೇರೆಯಾಗಬಹುದು.

ನನ್ನನ್ನು ಸುಟ್ಟಿದ್ದು ಮಾತ್ರ ಮೂರನೆಯ ಸಂಗತಿ, ಗಟ್ಟಿತನ. ತೊಂಬತ್ತರ ದಶಕದಿಂದ ಈಚೆಗೆ ಸಿ.ಡಿ.ಗಳನ್ನು ಪೈಪೋಟಿಗೆ ಬಿದ್ದು ಗಟ್ಟಿ ಮಾಡುತ್ತಾ ಬಂದರು. ಮೆಲುದನಿಯನ್ನು ಮೇಲೆತ್ತಿ, ಏರುದನಿಯ ನೆತ್ತಿಯನ್ನು ಚಿವುಟುವ ಕೆಲಸ ಅದು. ಕಾಫಿ ಗಿಡಕ್ಕೆ ನೆತ್ತಿ ಚಿವುಟಿದರೆ ಫಸಲು ಬರುತ್ತದೆ, ಸಂಗೀತಕ್ಕೆ ಚಿವುಟಿದರೆ ತಲೆನೋವು ಬರುತ್ತದೆ. ಒಂದೇ ಆಲ್ಬಮ್ಮಿನ ಎರಡು ಸಿ.ಡಿ.ಗಳನ್ನು ಕಂಪ್ಯೂಟರಿಗೆ ಇಳಿಸಿ 'ಆಡಾಸಿಟಿ' ಎಂಬ ಉಚಿತ ತಂತ್ರಾಂಶದಲ್ಲಿ ತೆರೆದು ನೋಡಿದೆ. ಎಂಬತ್ತರ ದಶಕದ ಸಿ.ಡಿ.ಯ ಅಲೆ ಚಂದ್ರದ್ರೋಣದ ಸಾಲಿನಂತೆ ಏರುತ್ತ ಇಳಿಯುತ್ತ ಕಾಣಿಸಿತು. ರೀಮಾಸ್ಟರ್ ಎಂದು ದುಪ್ಪಟ್ಟು ಕೊಟ್ಟು ತಂದದ್ದು ಕತ್ತರಿ ಹಾಕಿದ ಬೇಲಿಯಂತೆ ಈ ತುದಿಯಿಂದ ಆ ತುದಿಯವರೆಗೂ ಸಮತಟ್ಟು. ಕೇಳಲು ಕುಳಿತರೆ ರಾಗಿಮುದ್ದೆ: ಯಾವ ಕಡೆಯಿಂದ ಮುರಿದರೂ ಒಂದೇ. ಮುದ್ದೆಗೆ ಅದು ಗುಣ, ಹಾಡಿಗೆ ಅಲ್ಲ.

ಇದು ನನ್ನೊಬ್ಬನ ಕೊರಗೂ ಅಲ್ಲ. 1973ರಲ್ಲಿ ಬಂದ ಸ್ಟೂಜಸ್ ತಂಡದ 'ರಾ ಪವರ್' ಆಲ್ಬಮ್ಮಿನ ಬಹುಪಾಲನ್ನು ಗಾಯಕ ಡೇವಿಡ್ ಬೋವಿ ಮಿಕ್ಸ್ ಮಾಡಿದ್ದರು. ಅದು ತೆಳುವಾಯಿತೆಂಬ ಮಾತಿತ್ತು. ತಂಡದ ಗಾಯಕ ಇಗ್ಗಿ ಪಾಪ್ ತಾವೇ ಕುಳಿತು ಮಾಡಿದ ಹೊಸ ಮಿಕ್ಸ್ 1997ರಲ್ಲಿ ಬಂತು. ಎಷ್ಟು ಗಟ್ಟಿಯೆಂದರೆ ದನಿ ಒಡೆದೇ ಕೇಳಿಸುತ್ತದೆ. 2010ರ ಮರುಮುದ್ರಣದಲ್ಲಿ ಬೋವಿಯ ಮಿಕ್ಸೇ ಮರಳಿ ಬಂತು. 2008ರಲ್ಲಿ ಮೆಟಾಲಿಕಾ ತಂಡದ 'ಡೆತ್ ಮ್ಯಾಗ್ನೆಟಿಕ್' ಬಂದಾಗ ಸಿ.ಡಿ.ಗಿಂತ 'ಗಿಟಾರ್ ಹೀರೊ' ವಿಡಿಯೊ ಆಟದೊಳಗಿನ ಪ್ರತಿಯೇ ಚೆನ್ನಾಗಿದೆ ಎಂದು ಅಭಿಮಾನಿಗಳು ಅದರ ಹಿಂದೆ ಬಿದ್ದಿದ್ದರು.

ಆದ್ದರಿಂದ ಎರಡು ಪ್ರತಿ ಹೋಲಿಸುವಾಗ ಮೊದಲು ದನಿ ಸಮ ಮಾಡಿಕೊಳ್ಳಿ. ಸ್ವಲ್ಪ ಗಟ್ಟಿಯಾಗಿರುವುದೇ ಕಿವಿಗೆ ಒಳ್ಳೆಯದಾಗಿ ಕೇಳಿಸುತ್ತದೆ, ಅಂಗಡಿಯವರ ಹಳೆಯ ಉಪಾಯವೇ ಅದು. ನಮ್ಮ ಮನೆಯಲ್ಲಿ ನಾನು ಗೋಡೆಗೆ ಮುಖ ಮಾಡಿ ಕೂರುತ್ತೇನೆ, ಮಗ ಹೇಳದೆ ಕೇಳದೆ ಸಿ.ಡಿ. ಬದಲಾಯಿಸುತ್ತಾನೆ. ಎಷ್ಟೋ ಸಲ ಅಗ್ಗದ ಹಳೆಯ ಸಿ.ಡಿ.ಯೇ ಗೆದ್ದಿದೆ. ಒಮ್ಮೆ ಅವನು ಒಂದೇ ಸಿ.ಡಿ.ಯನ್ನು ಎರಡು ಸಲ ಹಾಕಿದ್ದ, ನಾನು ಎರಡನೆಯದೇ ಮೇಲು ಎಂದಿದ್ದೆ. ಅದನ್ನೂ ಹೇಳಬೇಕಲ್ಲ.

ಕೊಪ್ಪದ ಅಡಿಕೆ

ಹಾಡು ನಿಧಾನವಾಗಿದೆ ಎಂದು ತಂದೆಯವರು ಹೇಳಿದ್ದಕ್ಕೆ ಕಾರಣ ಮೊಬೈಲ್ ಆಗಿರಲಾರದು, ನಿಮ್ಮ ಪ್ಲೇಯರೇ ಇಷ್ಟು ವರ್ಷ ಜೋರಾಗಿ ಓಡಿರಬೇಕು. ಬೆಲ್ಟ್ ಬದಲಾಯಿಸಿದಾಗ ನಮ್ಮಲ್ಲಿ ಹೀಗೇ ಆಗಿತ್ತು. ತಟ್ಟೆಯ ಅಂಚಿಗೆ ಬಿಳಿ ಕಾಗದದ ಚೂರು ಸಿಕ್ಕಿಸಿ ಮೊಬೈಲಿನ ಗಡಿಯಾರ ಹಿಡಿದು ಎಣಿಸಿ. ಮೂರು ನಿಮಿಷಕ್ಕೆ ಸರಿಯಾಗಿ 100 ಸುತ್ತು ಬರಬೇಕು. ಹೆಚ್ಚು ಬಂದರೆ ಗುಟ್ಟು ರಟ್ಟಾದಂತೆ. ಕರೆಂಟು ಹೋಗಿ ಇನ್ವರ್ಟರ್ ಮೇಲೆ ನಡೆಯುವಾಗ ಮಾತ್ರ ಈ ಪರೀಕ್ಷೆ ಬೇಡ.

ಶ್ರುತಿಪೆಟ್ಟಿಗೆ, ಹಾಸನ

ನಾನು ಮಕ್ಕಳಿಗೆ ಕರ್ನಾಟಕ ಸಂಗೀತ ಹೇಳಿಕೊಡುವವನು. ರಾಕ್ ನನಗೆ ಅಂಟಿದ್ದು ಹಾಸ್ಟೆಲಿನಲ್ಲಿ, ಬಿಟ್ಟುಹೋಗಲಿಲ್ಲ.

ತಾಯಿ, ನಿಮ್ಮ ತಂದೆಯವರ ಕಿವಿಗೆ ನನ್ನದೊಂದು ನಮಸ್ಕಾರ ಹೇಳಿಬಿಡಿ. ಆ ಹಾಡು ಎರಡು ವೇಗದಲ್ಲಿದೆ. 1967ರಲ್ಲಿ ಆಲ್ಬಂ ಮಾನೊ (ಎಲ್ಲ ದನಿಯೂ ಒಂದೇ ಪಟ್ಟಿಯಲ್ಲಿ) ಮತ್ತು ಸ್ಟೀರಿಯೊ (ಎಡಕ್ಕೊಂದು, ಬಲಕ್ಕೊಂದು) ಎರಡರಲ್ಲೂ ಬಂತು. ಆಗ ಇಂಗ್ಲೆಂಡಿನಲ್ಲಿ ಹೆಚ್ಚಿನ ಮನೆಗಳಲ್ಲಿ ಇದ್ದದ್ದು ಒಂದೇ ಸ್ಪೀಕರಿನ ಪ್ಲೇಯರ್. ಹಾಗಾಗಿ ಬೀಟಲ್ಸ್ ಮುತುವರ್ಜಿಯಿಂದ ಕುಳಿತು ಮಾಡಿಸಿದ್ದು ಮಾನೊ ಮಿಕ್ಸ್. ಸ್ಟೀರಿಯೊ ಕೆಲಸವನ್ನು ನಿರ್ಮಾಪಕ ಜಾರ್ಜ್ ಮಾರ್ಟಿನ್ ಮತ್ತು ಎಂಜಿನಿಯರುಗಳಿಗೆ ಬಿಟ್ಟರು, ಅದು ಬೇಗ ಮುಗಿಯಿತು. ಮಾನೊದಲ್ಲಿ ಈ ಹಾಡಿನ ಟೇಪನ್ನು ಸ್ವಲ್ಪ ವೇಗ ಹೆಚ್ಚಿಸಿ ಇಳಿಸಿದರು, ಸ್ಟೀರಿಯೊದಲ್ಲಿ ಹಾಗೆ ಮಾಡಲಿಲ್ಲ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಸ್ಟೀರಿಯೊ ಮೂರು ಮನೆ ಶ್ರುತಿಯಲ್ಲಿದ್ದರೆ ಮಾನೊ ನಾಲ್ಕು ಮನೆಯ ಹತ್ತಿರಕ್ಕೆ ಏರಿದೆ. ಕಾಲದಲ್ಲಿ ಎಂಟೊಂಬತ್ತು ಸೆಕೆಂಡು ಉಳಿತಾಯ. ಅಷ್ಟಕ್ಕೇ ಆ ಹಾಡಿನ ಭಾವ ಬದಲಾಗುತ್ತದೆ: ಸ್ಟೀರಿಯೊದಲ್ಲಿ ಹಿಂದೆ ಉಳಿದ ತಾಯಿ ತಂದೆಯ ದುಃಖ ಕೇಳುತ್ತದೆ, ಮಾನೊದಲ್ಲಿ ಬೆಳಗಿನ ಜಾವ ಬಾಗಿಲು ತೆರೆದು ಹೊರಟ ಹುಡುಗಿಯ ಎದೆಬಡಿತ. ಇದು ನನ್ನ ಅಭಿಪ್ರಾಯ, ಒಪ್ಪಬೇಕೆಂದಿಲ್ಲ.

2009ರ ಸ್ಟೀರಿಯೊ ರೀಮಾಸ್ಟರಿನಲ್ಲಿ ಹಾಡು ಹಳೆಯ ನಿಧಾನದಲ್ಲೇ ಇದೆ, ಮೊಬೈಲಿನಲ್ಲಿ ನಿಮಗೆ ಸಿಕ್ಕಿದ್ದು ಅದೇ ಇರಬೇಕು. 2017ರಲ್ಲಿ ಜಾರ್ಜ್ ಮಾರ್ಟಿನ್ ಅವರ ಮಗ ಜೈಲ್ಸ್ ಮಾರ್ಟಿನ್ ಹೊಸ ಸ್ಟೀರಿಯೊ ಮಿಕ್ಸ್ ಮಾಡುವಾಗ ಮಾನೊವನ್ನೇ ದಾರಿಯಾಗಿ ಹಿಡಿದರು, ಹಾಡಿನ ವೇಗವನ್ನೂ ಮಾನೊಗೆ ಹೊಂದಿಸಿದರು.

ಇಂಥ ವ್ಯತ್ಯಾಸಗಳನ್ನು ಹುಡುಕುವುದು ಒಂದು ಚಟ. ಬೀಟಲ್ಸ್ ತಂಡದ 1968ರ ಬಿಳಿ ಕವರಿನ ಆಲ್ಬಮ್ಮಿನಲ್ಲಿ 'ಹೆಲ್ಟರ್ ಸ್ಕೆಲ್ಟರ್' ಮುಗಿಯುವಾಗ ಬೆರಳಿಗೆ ಬೊಬ್ಬೆ ಬಂದಿದೆ ಎಂದು ಡ್ರಮ್ಸಿನ ರಿಂಗೊ ಕಿರುಚುವುದು ಸ್ಟೀರಿಯೊದಲ್ಲಿ ಮಾತ್ರ ಇದೆ. ಮಾನೊ ಅದಕ್ಕೂ ಮೊದಲೇ ಮುಗಿದುಹೋಗುತ್ತದೆ.

ಈಗ ಒಂದು ಕೆಲಸ ಮಾಡಿ. ಎಲ್‌ಪಿಯ ನಡುವಿನ ಕಾಗದ ನೋಡಿ. ಸಂಖ್ಯೆಗೆ ಮೊದಲು ಪಿಎಂಸಿ ಎಂದಿದ್ದರೆ ಮಾನೊ, ಪಿಸಿಎಸ್ ಎಂದಿದ್ದರೆ ಸ್ಟೀರಿಯೊ. ಕೊಪ್ಪದವರ ಅನುಮಾನವೂ ತಪ್ಪೇನಲ್ಲ, ಆದರೆ ಪ್ಲೇಯರ್ ಜೋರಾಗಿ ಓಡುತ್ತಿದ್ದರೆ ಆ ಒಂದು ಹಾಡಲ್ಲ, ಮನೆಯಲ್ಲಿರುವ ಎಲ್ಲ ಹಾಡೂ ಶ್ರುತಿ ಏರಿರುತ್ತಿತ್ತು.

ಆಲ್ದೂರಿನ ಮಳೆ

ಮೇಷ್ಟ್ರೇ, ಪಿಎಂಸಿ 7027! ಟಾರ್ಚ್ ಹಿಡಿದು ನೋಡಿದೆ. ಸುತ್ತನ್ನೂ ಎಣಿಸಿದೆ, ಒಮ್ಮೆ 100, ಇನ್ನೊಮ್ಮೆ 101, ಅದು ನಾನು ತಪ್ಪಿದ್ದಿರಬೇಕು. ಅಪ್ಪನಿಗೆ ಇನ್ನೂ ಹೇಳಿಲ್ಲ. ಹಾಗಾದರೆ ಕೊಳ್ಳಬೇಕಾದ್ದು ಯಾವುದು?

ಹಾಸನದ ಹಳೇ ಟೇಪು

ಪೆಪ್ಪರ್ಸ್ ಕೊಳ್ಳಲೇಬೇಡಿ. ಮಾನೊ ಎಲ್‌ಪಿಗಳನ್ನು 2014ರಲ್ಲಿ ಮೂಲ ಅನಲಾಗ್ ಟೇಪಿನಿಂದಲೇ ಕೊರೆದು ಹೊಸದಾಗಿ ತಂದಿದ್ದರು, ಬಹಳ ಚೆನ್ನಾಗಿವೆ. ಆದರೆ ಈಗ ಮರುಮಾರಾಟದವರು ಬಾಯಿಗೆ ಬಂದ ಬೆಲೆ ಹೇಳುತ್ತಾರೆ. 2017ರ ದೊಡ್ಡ ಪೆಟ್ಟಿಗೆಯಲ್ಲೂ ಮಾನೊ ಇದೆ, ಅದೊಂದಕ್ಕಾಗಿ ಪೆಟ್ಟಿಗೆ ಹೊರುವುದು ಬೇಡ. ನಿಮ್ಮ ಪಿಎಂಸಿಯನ್ನು ತೊಳೆಯಿರಿ.

ಡಾರ್ಕ್ ಸೈಡಿಗೆ ಪೆಟ್ಟಿಗೆಗಳ ಆಸೆಯನ್ನೇ ಬಿಡಿ. ಅದರಲ್ಲಿ ಅಪರೂಪದ್ದು ಎಂಜಿನಿಯರ್ ಅಲನ್ ಪಾರ್ಸನ್ಸ್ 1973ರಲ್ಲಿ ಮಾಡಿದ ನಾಲ್ಕು ಸ್ಪೀಕರಿನ ಮಿಕ್ಸ್, 2011ರ 'ಇಮ್ಮರ್ಷನ್' ಪೆಟ್ಟಿಗೆಯಲ್ಲಿ ಬಂತು. ಅದನ್ನು ಕೇಳಲು ಕೋಣೆಯ ನಾಲ್ಕು ಮೂಲೆಗೂ ಸ್ಪೀಕರ್ ಬೇಕು. ನನ್ನ ಸ್ನೇಹಿತರೊಬ್ಬರು ಪೆಟ್ಟಿಗೆ ತರಿಸಿ, ಸುಂಕ ಕಟ್ಟಿ, ಇವತ್ತಿಗೂ ಎರಡು ಸ್ಪೀಕರಿನಲ್ಲೇ ಕೇಳುತ್ತಿದ್ದಾರೆ. ಒಳಗಿದ್ದ ಗೋಲಿಗಳಿಂದ ಮೊಮ್ಮಗ ಆಡುತ್ತಾನೆ. ಸಾಧಾರಣ ಸಿ.ಡಿ. ಸಾಕು, ಗಡಿಯಾರಗಳೆಲ್ಲ ಒಟ್ಟಿಗೆ ಹೊಡೆದುಕೊಳ್ಳುವಾಗ ತಂದೆಯವರು ಬೆಚ್ಚುವುದಕ್ಕೆ ಕೊರತೆಯಾಗದು.

ಹಣ ಹಾಕುವುದಾದರೆ 'ಮಷೀನ್ ಹೆಡ್' ಮೇಲೆ ಹಾಕಿ. 1997ರ ಇಪ್ಪತ್ತೈದನೇ ವರ್ಷದ ಎರಡು ಸಿ.ಡಿ.ಗಳ ಪ್ರತಿ ಹಳೆಯ ಸರಕಿನಲ್ಲಿ ಸಿಕ್ಕರೆ ಬಿಡಬೇಡಿ. ಒಂದರಲ್ಲಿ 1972ರ ಮಿಕ್ಸ್ ರೀಮಾಸ್ಟರ್ ಆಗಿದೆ, ಇನ್ನೊಂದರಲ್ಲಿ ತಂಡದ ಬೇಸ್ ಗಿಟಾರಿನ ರೋಜರ್ ಗ್ಲೋವರ್ ತಾವೇ ಮಾಡಿದ ಹೊಸ ಮಿಕ್ಸ್. ಹಳೆಯದರಲ್ಲಿ ದನಿ ಕುಗ್ಗಿ ಮರೆಯಾಗುವ ಕಡೆ ಹೊಸದರಲ್ಲಿ ವಾದನ ಇನ್ನಷ್ಟು ಹೊತ್ತು ಮುಂದುವರಿಯುತ್ತದೆ. ಆಗ ಆಲ್ಬಮ್ಮಿನಿಂದ ಹೊರಗುಳಿದಿದ್ದ 'ವೆನ್ ಎ ಬ್ಲೈಂಡ್ ಮ್ಯಾನ್ ಕ್ರೈಸ್' ಕೂಡ ಇದೆ. ಎರಡೂ ಮಿಕ್ಸ್ ಒಂದೇ ಕವರಿನಲ್ಲಿ ಸಿಗುವುದರಿಂದ ಕುಳಿತು ಹೋಲಿಸುವ ಸುಖವೇ ಬೇರೆ.

180 ಗ್ರಾಂ ಎಂಬುದು ತಟ್ಟೆಯ ತೂಕ, ನಾದದ ತೂಕವಲ್ಲ. ಸಿ.ಡಿ.ಗೆ ಮಾಡಿದ ಗಟ್ಟಿ ರೀಮಾಸ್ಟರನ್ನೇ ದಪ್ಪ ತಟ್ಟೆಗೆ ಒತ್ತಿ ಮಾರುವುದೂ ಉಂಟು.

ಕೊಪ್ಪದ ಅಡಿಕೆ

ನಾನು ಸೋತೆ, ಒಪ್ಪಿದೆ. ಒಂದು ಮಾತು ಸೇರಿಸುತ್ತೇನೆ. ತಟ್ಟೆಯ ಕೊನೆಯ ಹಾಡಿಗೂ ನಡುವಿನ ಕಾಗದಕ್ಕೂ ಮಧ್ಯೆ ನುಣುಪಾದ ಜಾಗದಲ್ಲಿ ಗೀಚಿದ ಅಕ್ಷರಗಳಿರುತ್ತವೆ, ಪ್ರತಿಯ ಜಾತಕ ಅಲ್ಲಿದೆ. 'ಲೆಡ್ ಝೆಪ್ಪೆಲಿನ್ 2' ಆಲ್ಬಮ್ಮಿನ ಅಮೆರಿಕದ ಮೊದಲ ಪ್ರತಿಗಳಲ್ಲಿ ಆರ್‌ಎಲ್ ಎಂದಿದೆ. ಅದು ಎಂಜಿನಿಯರ್ ರಾಬರ್ಟ್ ಲುಡ್‌ವಿಗ್ ಕೊರೆದದ್ದು. ಅಗ್ಗದ ಪ್ಲೇಯರುಗಳಲ್ಲಿ ಮುಳ್ಳು ನೆಗೆಯುವಷ್ಟು ಜೋರಾಗಿತ್ತು, ಅದಕ್ಕೇ ಕಂಪನಿ ದನಿ ತಗ್ಗಿಸಿ ಮತ್ತೆ ಕೊರೆಸಿತು. ಈಗ ಆ ಜೋರಿನದಕ್ಕೇ ಚಿನ್ನದ ಬೆಲೆ. ನಾನೂ ಭೂತಗನ್ನಡಿ ಹಿಡಿದು ನನ್ನದನ್ನು ನೋಡಿದೆ. ಬಹಳ ಈಚಿನ ಜರ್ಮನಿಯ ಪ್ರತಿ, ಯಾವ ಆರ್‌ಎಲ್ಲೂ ಇಲ್ಲ.

ಸಕಲೇಶಪುರ ಘಾಟಿ

ತೊಳೆಯುವ ವಿಚಾರ ನನಗೆ ಬಿಡಿ. ನಮ್ಮಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಉಪ್ಪಿನ ಡಬ್ಬಿಯೇ ನೀರಾಗುತ್ತದೆ, ತಟ್ಟೆಗಳ ಪಾಡು ಕೇಳಬೇಕೆ.

ಮೊದಲು ನನ್ನ ದಡ್ಡತನ. ಒಮ್ಮೆ ಶ್ರಾವಣದಲ್ಲಿ ಐದು ಎಲ್‌ಪಿ ತೊಳೆದು, ಬಿಸಿಲಿಲ್ಲವಲ್ಲ ಎಂದು ಬಚ್ಚಲ ಒಲೆಯ ಪಕ್ಕದ ಕಟ್ಟೆಯ ಮೇಲೆ ನಿಲ್ಲಿಸಿದೆ. ಸ್ನಾನಕ್ಕೆ ಹೋದ ಭಾವ ಹೊರಗೆ ಬಂದು, "ಹಪ್ಪಳ ಯಾರು ಒಣಗಲು ಇಟ್ಟದ್ದು?" ಎಂದು ಕೇಳಿದರು. ಎರಡು ತಟ್ಟೆಗಳ ಅಂಚು ಅಲೆಯಲೆಯಾಗಿ ಎದ್ದಿತ್ತು.

ಸರಿಯಾದ ಕ್ರಮ ಹೀಗೆ. ಕೆಲಸವನ್ನು ಜಗಲಿಯಲ್ಲಿ ಮಾಡಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಬೂಷ್ಟಿನ ಪುಡಿ ಒಳ್ಳೆಯದಲ್ಲ. ಒಳಗಿನ ಹಳೆಯ ಕಾಗದದ ಚೀಲಗಳನ್ನು ಮೋಹ ಬಿಟ್ಟು ಎಸೆಯಿರಿ, ಬೂಷ್ಟು ಮತ್ತೆ ಹುಟ್ಟುವುದು ಅಲ್ಲಿಂದಲೇ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ಒಂದು ಲೀಟರ್, ಪಾತ್ರೆ ತೊಳೆಯುವ ದ್ರವ ಒಂದೇ ಹನಿ. ಮೃದುವಾದ ಬ್ರಷ್ಷನ್ನು ಗೀರಿನ ಗುಂಟವೇ ಸುತ್ತಬೇಕು, ಅಡ್ಡಡ್ಡ ಉಜ್ಜಬಾರದು. ನಡುವಿನ ಕಾಗದಕ್ಕೆ ನೀರು ತಾಗದಂತೆ ಅಂಗೈ ಅಡ್ಡ ಹಿಡಿಯಿರಿ, ನಿಮ್ಮ ಪಿಎಂಸಿ ಅಲ್ಲೇ ಇರುವುದು. ಆಮೇಲೆ ಬರೀ ಡಿಸ್ಟಿಲ್ಡ್ ನೀರಿನಲ್ಲಿ ಎರಡು ಸಲ ಜಾಲಿಸಿ, ಪಾತ್ರೆ ನಿಲ್ಲಿಸುವ ಸ್ಟ್ಯಾಂಡಿನಲ್ಲಿ ಫ್ಯಾನಿನ ಗಾಳಿಗೆ ಬಿಡಿ. ಮನೆಯಲ್ಲಿ ತಾತನ ಕಾಲದ 78 ವೇಗದ ಅರಗಿನ ತಟ್ಟೆಗಳಿದ್ದರೆ ಅವಕ್ಕೆ ಸ್ಪಿರಿಟ್ ಸೋಕಿಸಲೇಬೇಡಿ, ಕರಗುತ್ತವೆ.

ಕಪಾಟನ್ನು ಮಳೆ ಹೊಡೆಯುವ ಗೋಡೆಯಿಂದ ಗೇಣುದ್ದ ಈಚೆಗೆ ಇಡಿ. ತಟ್ಟೆಗಳು ನೆಟ್ಟಗೆ ನಿಂತಿರಲಿ. ಮುಳ್ಳು ಎಷ್ಟು ಹಳೆಯದು? ವಜ್ರದ ಮುಳ್ಳೂ ಐನೂರರಿಂದ ಸಾವಿರ ಗಂಟೆಗೆ ಸವೆಯುತ್ತದೆ. ಸವೆದ ಮುಳ್ಳಿನಲ್ಲಿ ಹಾಕಿದರೆ ತೊಳೆದದ್ದೂ ದಂಡ, ತಟ್ಟೆಯೂ ದಂಡ. ನಿಮ್ಮ ಹದಿನೈದು ಸಾವಿರದಲ್ಲಿ ಮೊದಲ ಪಾಲು ಅದಕ್ಕೇ.

ಆಲ್ದೂರಿನ ಮಳೆ

ಭಾನುವಾರ ಹನ್ನೊಂದು ತಟ್ಟೆ ತೊಳೆದೆವು. ಹೊಸ ಮುಳ್ಳು ಬಂದಿದೆ. ಗ್ಲೋವರ್ ಮಿಕ್ಸಿನ ಪ್ರತಿ ಬೆಂಗಳೂರಿನ ಒಬ್ಬರ ಬಳಿ ಸಿಕ್ಕಿತು, ಡಾರ್ಕ್ ಸೈಡ್ ಸಿ.ಡಿ. ದಾರಿಯಲ್ಲಿದೆ.

ಅಪ್ಪನಿಗೆ ಏನೂ ಹೇಳದೆ ಪಿಎಂಸಿ ಹಾಕಿದೆ. ಮೊದಲ ಬದಿಯ ಆರನೆಯ ಹಾಡಿನವರೆಗೂ ಪತ್ರಿಕೆ ಓದುತ್ತಲೇ ಇದ್ದರು. ಹಾರ್ಪ್ ಶುರುವಾದಾಗ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. ಮುಗಿದ ಮೇಲೆ, "ಇವಳು ನೋಡು, ಹೊತ್ತಿಗೆ ಸರಿಯಾಗಿ ಹೊರಟಳು" ಎಂದರು. ಎರಡು ಮಿಕ್ಸಿನ ಕಥೆ ಹೇಳಿದರೆ ಅವರಿಗೇನೂ ಆಶ್ಚರ್ಯವಾಗಲಿಲ್ಲ, "ನಾನು ಅವತ್ತೇ ಹೇಳಿದೆನಲ್ಲ" ಎಂದು ಪತ್ರಿಕೆಗೆ ಮರಳಿದರು.

ಘಾಟಿಯವರೇ, ಎರಡನೆಯ ಬದಿಯಲ್ಲಿ ಅಂಚಿನ ಹತ್ತಿರ ಕಡಲೆಕಾಳಿನಷ್ಟು ಬಿಳಿ ಮಚ್ಚೆಯೊಂದು ಮೂರು ಸಲ ತೊಳೆದರೂ ಹೋಗಿಲ್ಲ. ಮುಳ್ಳು ಅಲ್ಲಿಗೆ ಬಂದಾಗ ಟಪ್ ಟಪ್ ಎನ್ನುತ್ತದೆ. ಇನ್ನೊಮ್ಮೆ ತೊಳೆಯಲೇ, ಹಾಗೇ ಬಿಡಲೇ?