ಸಹಾಯ ಬೇಕು: ಕೋಲಾರದಿಂದ ದಕ್ಷಿಣಚಿತ್ರಕ್ಕೆ ಹಿರಿಯರೊಂದಿಗೆ ಪ್ರವಾಸ

ಗುಂಪಿನ ಎಲ್ಲರಿಗೂ ನಮಸ್ಕಾರ. ಚೆನ್ನೈ ಸಮೀಪದ ಮುಟ್ಟುಕಾಡಿನಲ್ಲಿ 1996ರಲ್ಲಿ ಆರಂಭವಾದ ದಕ್ಷಿಣಚಿತ್ರ ಬಯಲು ವಸ್ತುಸಂಗ್ರಹಾಲಯಕ್ಕೆ, ಮಂಡಿನೋವಿರುವ ನಮ್ಮ ಅತ್ತೆಯವರನ್ನು ಕೋಲಾರದಿಂದ ಕರೆದೊಯ್ಯಬೇಕೆಂದಿದ್ದೇವೆ. ದಕ್ಷಿಣದ ರಾಜ್ಯಗಳ ಹಳೆಯ ಮನೆಗಳನ್ನು ಬಿಚ್ಚಿ ತಂದು ಅಲ್ಲಿ ಮರಳಿ ಕಟ್ಟಿ ನಿಲ್ಲಿಸಿರುವುದೇ ಅದರ ವಿಶೇಷ. ನೇಕಾರರ ಮನೆತನದಲ್ಲಿ ಹುಟ್ಟಿದ ಅತ್ತೆಯವರಿಗಂತೂ ಇಳಕಲ್ ನೇಕಾರರ ಮನೆಯೊಂದನ್ನು ನೋಡಿದರೆ ಸಾಕಂತೆ (ಚಿಕ್ಕಮಗಳೂರಿನ ಮನೆಯನ್ನು ಮಾತ್ರ ನಾನು ಬಿಡುವವಳಲ್ಲ). ಮಂಗಳವಾರ ಅಲ್ಲಿ ರಜೆಯಿರುವುದರಿಂದ ಗುರುವಾರ ಹೋಗುವ ಆಲೋಚನೆಯಿದೆ.

ಬಂಗಾರಪೇಟೆಯಿಂದ ರೈಲಿನಲ್ಲಿ ಚೆನ್ನೈ ತಲುಪಿ ಅಲ್ಲಿಂದ ಬೇರೆ ವಾಹನ ಮಾಡಿಕೊಳ್ಳುವುದು ಮೇಲೋ, ಮುಳಬಾಗಿಲು, ಚಿತ್ತೂರು ಮಾರ್ಗವಾಗಿ ಕಾರಿನಲ್ಲೇ ಹೋಗುವುದು ಮೇಲೋ ಎಂಬುದನ್ನು ಹೋಗಿಬಂದವರು ದಯವಿಟ್ಟು ತಿಳಿಸಬೇಕು. ಒಳಗೆ ಗಾಲಿಕುರ್ಚಿ ಸಿಗುತ್ತದೆಯೇ? ಜಗುಲಿಯ ಮೆಟ್ಟಿಲು, ಎತ್ತರದ ಹೊಸ್ತಿಲುಗಳನ್ನು ವಯಸ್ಸಾದವರು ದಾಟಬಲ್ಲರೇ?