ರೇಸ್ ಛಾಯಾಗ್ರಹಣ: ಹೊಸ ಕ್ಯಾಮೆರಾ ಮೊದಲೋ, ಲೆನ್ಸ್ ಮೊದಲೋ?

ಪ್ರಶ್ನೆ: ನನ್ನ ಬಳಿ ಹಳೆಯ ಕ್ರಾಪ್ ಸೆನ್ಸರ್ (ಚಿಕ್ಕ ಅಳತೆಯ ಸೆನ್ಸರ್‌ನ) ಡಿಎಸ್‌ಎಲ್‌ಆರ್ ಕ್ಯಾಮೆರಾ ಇದೆ, ಲೆನ್ಸ್‌ಗಳು 18-55 ಮತ್ತು 55-250 ಮಿ.ಮೀ. ಪ್ರೇಕ್ಷಕರ ಜಾಗದಲ್ಲಿ ನಿಂತು ಕಾರು ಮತ್ತು ಬೈಕ್ ರೇಸ್‌ಗಳ ಚಿತ್ರ ತೆಗೆಯುತ್ತೇನೆ. ಕೆಲವು ಚಿತ್ರಗಳು ಪೂರ್ತಿ ಮಸುಕಾಗುತ್ತವೆ, ಉಳಿದವುಗಳಲ್ಲಿ ವಾಹನವನ್ನು ರಸ್ತೆಯ ಮೇಲೆ ನಿಲ್ಲಿಸಿದಂತೆ ಕಾಣುತ್ತದೆ. ದೊಡ್ಡ ಸೆನ್ಸರ್‌ನ, ಒಳಗೆ ಕನ್ನಡಿಯಿಲ್ಲದ ಫುಲ್ ಫ್ರೇಮ್ ಮಿರರ್‌ಲೆಸ್ ಕ್ಯಾಮೆರಾ ಕೊಳ್ಳಬೇಕೋ, ಉದ್ದನೆಯ ಲೆನ್ಸ್ ಕೊಳ್ಳಬೇಕೋ? ಅನುಭವವಿರುವವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ:

ನಮಸ್ಕಾರ. ನೀವು ಹೇಳಿದ ಎರಡು ದೋಷಗಳಲ್ಲಿ ಎರಡನೆಯದು ಹಣ ಖರ್ಚು ಮಾಡಿದರೆ ಹೋಗುವಂಥದ್ದಲ್ಲ. ಗಂಟೆಗೆ 180 ಕಿ.ಮೀ. ವೇಗದ ಕಾರು ಸೆಕೆಂಡಿಗೆ 50 ಮೀಟರ್ ಸಾಗುತ್ತದೆ. ಚಕ್ರದ ಸುತ್ತಳತೆ ಸುಮಾರು 2 ಮೀಟರ್ ಎಂದಿಟ್ಟುಕೊಂಡರೆ ಅದು ಸೆಕೆಂಡಿಗೆ 25 ಸುತ್ತು ತಿರುಗುತ್ತದೆ. ಶಟರ್ ವೇಗ, ಅಂದರೆ ಶಟರ್ ತೆರೆದಿರುವ ಹೊತ್ತು, 1/1000 ಸೆಕೆಂಡ್ ಇದ್ದಾಗ ಚಕ್ರ ತಿರುಗುವುದು ಕೇವಲ 9 ಡಿಗ್ರಿ. ಆದ್ದರಿಂದಲೇ ಅದರ ಕಡ್ಡಿಗಳು ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟವಾಗಿ ಮೂಡಿ, ಕಾರು ನಿಂತಂತೆ ಕಾಣುತ್ತದೆ. ಅದೇ 1/125ಕ್ಕೆ ಇಳಿಸಿದರೆ ಚಕ್ರ 72 ಡಿಗ್ರಿ ತಿರುಗುತ್ತದೆ, ಕಾರು 40 ಸೆಂ.ಮೀ. ಮುಂದೆ ಹೋಗಿರುತ್ತದೆ, ಹಿನ್ನೆಲೆ ಗೆರೆಗೆರೆಯಾಗಿ ಹರಿಯುತ್ತದೆ. ಆದರೆ ಆ 40 ಸೆಂ.ಮೀ. ಉದ್ದಕ್ಕೂ ನಿಮ್ಮ ಕ್ಯಾಮೆರಾ ಕಾರಿನ ಜೊತೆಗೇ ತಿರುಗಿರಬೇಕು. ಇದೇ ಪ್ಯಾನಿಂಗ್. 1/500ರಿಂದ ಆರಂಭಿಸಿ, ಕೈ ಕುದುರಿದಂತೆಲ್ಲ 1/250, 1/125, 1/60 ಎಂದು ಇಳಿಯುತ್ತ ಬನ್ನಿ. ಪಾದಗಳನ್ನು ಚಿತ್ರ ತೆಗೆಯಬೇಕಾದ ಜಾಗದ ಕಡೆಗೆ ಊರಿ, ಸೊಂಟದಿಂದ ಮೇಲಕ್ಕೆ ಮಾತ್ರ ತಿರುಗಬೇಕು; ಶಟರ್ ಬಿದ್ದ ಮೇಲೂ ತಿರುಗುವುದನ್ನು ನಿಲ್ಲಿಸಬಾರದು. ನಾನು ಮೊದಲ ವರ್ಷವಿಡೀ ಎಲ್ಲವನ್ನೂ 1/2000ರಲ್ಲಿ ತೆಗೆದೆ. ಆ ವರ್ಷದ ಚಿತ್ರಗಳಲ್ಲಿ ವೇಗವೆಂಬುದೇ ಇಲ್ಲ ಎಂಬ ಕೊರಗು ಇಂದಿಗೂ ಇದೆ.

ಲೆನ್ಸ್‌ನ ವಿಚಾರಕ್ಕೆ ಬರುತ್ತೇನೆ. ಕೊಳ್ಳುವ ಮೊದಲು ನೀವು ನಿಲ್ಲುವ ಜಾಗದಿಂದ ಟ್ರ್ಯಾಕ್‌ಗೆ ಎಷ್ಟು ದೂರವಿದೆ ಎಂಬುದನ್ನು ಅಳೆಯಿರಿ. ಸೆನ್ಸರ್‌ನ ಅಗಲವನ್ನು ಲೆನ್ಸ್‌ನ ಫೋಕಲ್ ಲೆಂಗ್ತ್‌ನಿಂದ (ಲೆನ್ಸ್ ಮೇಲಿನ ಮಿ.ಮೀ. ಸಂಖ್ಯೆಯಿಂದ) ಭಾಗಿಸಿ ದೂರದಿಂದ ಗುಣಿಸಿದರೆ, ಚೌಕಟ್ಟಿನಲ್ಲಿ ಎಷ್ಟು ಮೀಟರ್ ಅಗಲ ಹಿಡಿಯುತ್ತದೆ ಎಂಬುದು ಸಿಗುತ್ತದೆ. ಸುಮಾರು 23.5 ಮಿ.ಮೀ. ಅಗಲದ ಕ್ರಾಪ್ ಸೆನ್ಸರ್, 300 ಮಿ.ಮೀ. ಲೆನ್ಸ್, 60 ಮೀಟರ್ ದೂರ ಎಂದಾದರೆ ಅದು 4.7 ಮೀಟರ್. ನಾಲ್ಕೂವರೆ ಮೀಟರ್‌ನ ಕಾರು ಚೌಕಟ್ಟನ್ನು ತುಂಬಿಬಿಡುತ್ತದೆ. ಪ್ಯಾನಿಂಗ್‌ಗೆ ಇದು ತೀರಾ ಬಿಗಿ, 200 ಮಿ.ಮೀ.ಯೇ ವಾಸಿ. ಬೈಕ್ ಎರಡು ಮೀಟರ್‌ನಷ್ಟೇ ಉದ್ದವಿರುವುದರಿಂದ ಅದಕ್ಕೆ 400 ಕೂಡ ಹೆಚ್ಚಾಗದು. ಅದೇ 300 ಮಿ.ಮೀ. ಲೆನ್ಸನ್ನು 36 ಮಿ.ಮೀ. ಅಗಲದ ಫುಲ್ ಫ್ರೇಮ್‌ಗೆ ಹಾಕಿದರೆ 7.2 ಮೀಟರ್ ಅಗಲ ಕಾಣುತ್ತದೆ. ಹೀಗಾಗಿ ಫುಲ್ ಫ್ರೇಮ್‌ಗೆ ಹೋದರೆ ಇನ್ನೂ ಉದ್ದನೆಯ, ಇನ್ನೂ ತೂಕದ ಲೆನ್ಸ್ ಬೇಕಾಗುತ್ತದೆ. ಬೇಲಿಯ ಹೊರಗೆ ನಿಲ್ಲುವವರಿಗೆ ಕ್ರಾಪ್ ಸೆನ್ಸರ್ ಮತ್ತು 100-400 ಜೂಮ್ ಸರಿಯಾದ ಜೋಡಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹೆಚ್ಚು ಬೆಳಕು ಒಳಬಿಡುವ ಎಫ್/2.8 ಲೆನ್ಸ್ ಇಲ್ಲದೆ ಈ ಕೆಲಸ ಆಗದು ಎಂದು ಹಲವರು ಹೇಳುತ್ತಾರೆ. ಸಂಜೆಯ ರೇಸ್‌ಗಳಿಗೆ ಅದು ಖಂಡಿತ ಬೇಕು. ಆದರೆ ಪ್ರಖರ ಬಿಸಿಲಿನಲ್ಲಿ, ಐಎಸ್‌ಒ (ಬೆಳಕಿಗೆ ಸೆನ್ಸರ್‌ನ ಸಂವೇದನೆ) 100ರಲ್ಲಿ, 1/60ರ ಶಟರ್ ಇಟ್ಟರೆ ಅಪರ್ಚರ್, ಅಂದರೆ ಲೆನ್ಸ್‌ನ ಬೆಳಕಿನ ಕಿಂಡಿ, ತಾನಾಗಿಯೇ ಎಫ್/16ಕ್ಕಿಂತ ಕಿರಿದಾಗುತ್ತದೆ. ಅಲ್ಲಿ ಆ ದುಬಾರಿ ಗಾಜಿಗೆ ಕೆಲಸವೇ ಇಲ್ಲ. ಸೆನ್ಸರ್ ಮೇಲಿನ ಧೂಳಿನ ಚುಕ್ಕೆಗಳು ಮಾತ್ರ ಎದ್ದು ಕಾಣುತ್ತವೆ. ಬೆಳಕನ್ನು ತಗ್ಗಿಸುವ ಒಂದು ಎನ್‌ಡಿ ಫಿಲ್ಟರ್ ಹೆಚ್ಚು ನೆರವಾಗುತ್ತದೆ.

ಎರಡನೆಯ ಉತ್ತರ:

ಮೇಲಿನವರು ಲೆನ್ಸ್ ಬಗ್ಗೆ ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಬಾಡಿಯನ್ನು, ಅಂದರೆ ಕ್ಯಾಮೆರಾವನ್ನೇ, ಅಷ್ಟು ಬದಿಗಿಡುವುದು ಸರಿಯಲ್ಲ ಎನಿಸುತ್ತದೆ. ನೇರವಾಗಿ ನಮ್ಮತ್ತ ನುಗ್ಗಿ ಬರುವ ಬೈಕನ್ನು ಬಿಡದೆ ಹಿಂಬಾಲಿಸುವುದು ಆಟೋಫೋಕಸ್‌ನ ಕೆಲಸ. ನಿಮ್ಮ ಮಸುಕಾದ ಚಿತ್ರಗಳಲ್ಲಿ ಕೆಲವಕ್ಕಾದರೂ ಅದರ ಸೋಲೇ ಕಾರಣವಿರಬಹುದು. ಮೊದಲು ನಿರಂತರ ಫೋಕಸ್ ಆಯ್ಕೆಯನ್ನು ಬಳಸುತ್ತಿದ್ದೀರಾ ಎಂಬುದನ್ನು ನೋಡಿ. ಹೊಸದನ್ನೇ ಕೊಳ್ಳಬೇಕೆಂದಿಲ್ಲ. 2014ರ ಕ್ಯಾನನ್ 7ಡಿ ಮಾರ್ಕ್ 2 ಮತ್ತು 2016ರ ನಿಕಾನ್ ಡಿ500 ಎರಡೂ ಕ್ರಾಪ್ ಸೆನ್ಸರ್‌ನವು, ಎರಡೂ ಸೆಕೆಂಡಿಗೆ 10 ಚಿತ್ರ ತೆಗೆಯುತ್ತವೆ. ಫೋಕಸ್ ಬಿಂದುಗಳು ಮೊದಲನೆಯದರಲ್ಲಿ 65, ಎರಡನೆಯದರಲ್ಲಿ 153. ನಾನು ಡಿ500 ಅನ್ನು ಸೆಕೆಂಡ್ ಹ್ಯಾಂಡ್ ಆಗಿಯೇ ಕೊಂಡೆ, ತೃಪ್ತಿಯಿದೆ.

ಮಿರರ್‌ಲೆಸ್ ಕೊಳ್ಳುವುದಾದರೆ ಒಂದು ಮುಖ್ಯ ಎಚ್ಚರಿಕೆ. ಸಾಧಾರಣ ಸೆನ್ಸರ್‌ಗಳು ಎಲೆಕ್ಟ್ರಾನಿಕ್ ಶಟರ್‌ನಲ್ಲಿ ಚಿತ್ರವನ್ನು ಸಾಲುಸಾಲಾಗಿ ಓದುತ್ತವೆ. ಕೊನೆಯ ಸಾಲನ್ನು ಓದುವಷ್ಟರಲ್ಲಿ ಕಾರು ಮುಂದೆ ಸರಿದಿರುತ್ತದೆ. ಚಕ್ರಗಳು ಓರೆಯಾದ ಮೊಟ್ಟೆಯಂತಾಗುತ್ತವೆ, ಪ್ಯಾನಿಂಗ್ ಮಾಡಿದರೆ ಹಿಂದಿನ ಕಂಬಗಳು ವಾಲುತ್ತವೆ. ಅಂಥ ಕ್ಯಾಮೆರಾದಲ್ಲಿ ಮೆಕ್ಯಾನಿಕಲ್ ಶಟರನ್ನೇ ಬಳಸಿ. 2017ರ ಸೋನಿ ಎ9ರಲ್ಲಿರುವಂತಹ ಸ್ಟ್ಯಾಕ್ಡ್ (ಪದರಪದರವಾಗಿ ಜೋಡಿಸಿದ) ಸೆನ್ಸರ್‌ಗಳು ಬಹಳ ಬೇಗ ಓದುವುದರಿಂದ ಈ ತೊಂದರೆ ತೀರಾ ಕಡಿಮೆ. 2021ರ ನಿಕಾನ್ ಝಡ್9ರಲ್ಲಿ ಮೆಕ್ಯಾನಿಕಲ್ ಶಟರನ್ನೇ ಕೈಬಿಡಲು ಸಾಧ್ಯವಾದದ್ದೂ ಇದರಿಂದಲೇ.

ಬಫರ್ (ಕಾರ್ಡ್‌ಗೆ ಬರೆಯುವ ಮೊದಲು ಚಿತ್ರಗಳನ್ನು ಇಟ್ಟುಕೊಳ್ಳುವ ತಾತ್ಕಾಲಿಕ ಮೆಮೊರಿ) ಎಷ್ಟು ಚಿತ್ರ ಹಿಡಿಯುತ್ತದೆ ಎಂಬುದನ್ನೂ ಕೇಳಿ ತಿಳಿಯಿರಿ. ನಿಧಾನದ ಕಾರ್ಡ್ ಹಾಕಿಕೊಂಡು, ಎರಡು ಬೈಕ್‌ಗಳು ತಿರುವಿನಲ್ಲಿ ಒಂದಕ್ಕೊಂದು ತಾಗುವ ಕ್ಷಣದಲ್ಲಿ ಕ್ಯಾಮೆರಾ ಸುಮ್ಮನಾದದ್ದನ್ನು ನಾನು ಮರೆತಿಲ್ಲ. ಗುಂಡಿಯನ್ನು ಒತ್ತಿ ಹಿಡಿಯದೆ ಮೂರು ನಾಲ್ಕು ಚಿತ್ರಗಳ ಚಿಕ್ಕ ಕಂತುಗಳಲ್ಲಿ ತೆಗೆಯುವುದು ಅಂದಿನಿಂದ ಅಭ್ಯಾಸವಾಗಿದೆ.

ಮೂರನೆಯ ಉತ್ತರ:

ಇಬ್ಬರೂ ಬೇಲಿ ಅಡ್ಡವಾಗುವ ತೊಂದರೆಯ ಮಾತನ್ನು ಬಿಟ್ಟಿದ್ದಾರೆ. ತಂತಿಬೇಲಿಯ ಹಿಂದಿನಿಂದ ತೆಗೆಯುವಾಗ ಲೆನ್ಸನ್ನು ಬೇಲಿಗೆ ಸಾಧ್ಯವಾದಷ್ಟು ಹತ್ತಿರ ಹಿಡಿದು, ಅಪರ್ಚರನ್ನು ಪೂರ್ತಿ ತೆರೆದರೆ ತಂತಿ ಬಹುಮಟ್ಟಿಗೆ ಕರಗಿಹೋಗುತ್ತದೆ. ಲೆನ್ಸ್ ಮೇಲೆ ಫೋಕಸ್ ಲಿಮಿಟರ್ ಸ್ವಿಚ್ ಇದ್ದರೆ ದೂರದ ವ್ಯಾಪ್ತಿಗೆ ಹಾಕಿ, ಆಗ ಫೋಕಸ್ ಬೇಲಿಗೆ ಹಾರುವುದಿಲ್ಲ. ಕೈ ಅಲುಗಾಟವನ್ನು ತಡೆಯುವ ಸ್ಟೆಬಿಲೈಸರ್‌ಗೂ ಪ್ಯಾನಿಂಗ್‌ಗೆ ಬೇರೆ ವ್ಯವಸ್ಥೆಯಿರುತ್ತದೆ, ಕ್ಯಾನನ್‌ನ ಹಲವು ಲೆನ್ಸ್‌ಗಳಲ್ಲಿ ಅದು ಮೋಡ್ 2. ಅದು ಕ್ಯಾಮೆರಾ ತಿರುಗುವ ದಿಕ್ಕಿನ ಚಲನೆಯನ್ನು ಬಿಟ್ಟು ಮೇಲೆ ಕೆಳಗಿನ ಅಲುಗಾಟವನ್ನಷ್ಟೇ ತಡೆಯುತ್ತದೆ. ನಿಮ್ಮ 55-250ರಲ್ಲೇ ಈ ರೇಸ್ ಋತುವನ್ನು ಮುಗಿಸಿ, ಒಂದು ವಾರಾಂತ್ಯಕ್ಕೆ 100-400 ಅನ್ನು ಬಾಡಿಗೆಗೆ ತಂದು ನೋಡಿ. ಇಡೀ ದಿನ ಕೈಯಲ್ಲಿ ಹಿಡಿದಾಗ ಅದರ ತೂಕ ನಿಮಗೆ ಒಗ್ಗುತ್ತದೆಯೇ, ಮಾನೊಪಾಡ್ (ಒಂಟಿಕಾಲಿನ ಆಸರೆ) ಬೇಕೇ ಎಂಬುದು ಸಂಜೆಯ ಹೊತ್ತಿಗೆ ತೋಳಿಗೇ ತಿಳಿದಿರುತ್ತದೆ.