‘ಸೆಪ್ಟೇಟ್ ಯೂಟರಸ್’ ಅನ್ನು ಮನೆಯವರು ಓದುವ ಚೀಟಿಯಲ್ಲಿ ಏನೆಂದು ಬರೆಯೋಣ?

ಎಲ್ಲರಿಗೂ ನಮಸ್ಕಾರ.

ನನಗೆ ಬೇಕಾಗಿರುವುದು ಒಂದು ಪದ. ಗರ್ಭಕೋಶದ ಒಳಗೆ ನಟ್ಟನಡುವೆ ಮೇಲಿನಿಂದ ಕೆಳಕ್ಕೆ ಇಳಿದಿರುವ ಗೋಡೆಗೆ ವೈದ್ಯರು ‘ಸೆಪ್ಟಮ್’ ಅನ್ನುತ್ತಾರೆ. ಅದು ಇದ್ದರೆ ‘ಸೆಪ್ಟೇಟ್ ಯೂಟರಸ್’. ಡಿಸ್ಚಾರ್ಜ್ ಚೀಟಿಯ ಕನ್ನಡ ಭಾಗದಲ್ಲಿ ಇದನ್ನು ಹೇಗೆ ಬರೆಯಬೇಕು? ಓದುವವರು ಅಂಕೋಲಾ, ಕುಮಟಾ, ಯಲ್ಲಾಪುರ ಕಡೆಯ ಹೆಣ್ಣುಮಕ್ಕಳು ಮತ್ತು ಅವರ ಮನೆಯವರು.

ನಾನು ಕಾರವಾರದಲ್ಲಿ ಆಸ್ಪತ್ರೆಯೊಂದರ ರೆಕಾರ್ಡ್ ವಿಭಾಗದಲ್ಲಿದ್ದೇನೆ. ವೈದ್ಯರು ಬರೆದ ಕಾಯಿಲೆಗೆ ಐಸಿಡಿ-10 (ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಕೋಡ್ ಪಟ್ಟಿ) ನೋಡಿ ಕೋಡ್ ಹಾಕುವುದು ನನ್ನ ಕೆಲಸ. ಗರ್ಭಕೋಶದ ಆಕಾರ ಹುಟ್ಟಿನಿಂದಲೇ ಬೇರೆಯಾಗಿದ್ದರೆ ಅದು ಕ್ಯೂ 51ರ ಕೆಳಗೆ ಬರುತ್ತದೆ. ಗರ್ಭಕೋಶವೇ ಬೆಳೆದಿಲ್ಲ ಅಂದ್ರೆ 51.0. ಗರ್ಭಕೋಶ, ಅದರ ಬಾಯಿ, ಯೋನಿ ಮೂರೂ ಎರಡೆರಡು ಇದ್ದರೆ 51.1. ಮೇಲ್ಭಾಗ ಎರಡಾಗಿ ಸೀಳಿದಂತಿರುವ ಬೈಕಾರ್ನುಯೇಟ್‌ಗೆ 51.3. ಒಂದೇ ಪಕ್ಕ ಬೆಳೆದಿದ್ದರೆ 51.4. ನಮ್ಮ ಸೆಪ್ಟೇಟ್ ಹೋಗಿ ಸೇರುವುದು 51.2ಕ್ಕೆ. ಅದರ ತಲೆಬರಹದ ಅರ್ಥ ಹೆಚ್ಚುಕಡಿಮೆ ‘ಗರ್ಭಕೋಶ ಎರಡಾಗಿರುವ ಇತರ ಬಗೆಗಳು’ ಅಂತ.

ಗೊಂದಲ ಶುರುವಾಗುವುದು ಇಲ್ಲಿಂದಲೇ. ಹಳೆಯ ಚೀಟಿಗಳಲ್ಲಿ ಯಾರೋ ಆ ತಲೆಬರಹವನ್ನೇ ಕನ್ನಡಕ್ಕೆ ತಂದು ‘ಜನ್ಮದೋಷ: ದ್ವಿಗುಣ ಗರ್ಭಾಶಯ’ ಎಂದು ಅಚ್ಚು ಹಾಕಿಸಿದ್ದಾರೆ. ಅದನ್ನು ಓದಿದ ಅತ್ತೆಯೊಬ್ಬರು, “ಎರಡು ಗರ್ಭಕೋಶ ಇದ್ಯಂತೆ, ಹಾಗಾದ್ರೆ ಅವಳಿ ಮಕ್ಕಳಾ?” ಎಂದು ಕೌಂಟರಿನಲ್ಲಿ ಕೇಳಿದರು. ಆ ಸೊಸೆಗೆ ಇರುವುದು ಒಂದೇ ಗರ್ಭಕೋಶ. ಒಳಗೊಂದು ಗೋಡೆ ಇದೆ, ಅಷ್ಟೇ.

ಸೆಪ್ಟೇಟ್‌ಗೂ ಬೈಕಾರ್ನುಯೇಟ್‌ಗೂ ವ್ಯತ್ಯಾಸ ಎಲ್ಲಿ ಅಂತ ತಿಳಿದರೆ ಪದ ಹುಡುಕುವುದು ಸುಲಭ. ಹೆಣ್ಣುಮಗು ಇನ್ನೂ ತಾಯಿಯ ಹೊಟ್ಟೆಯಲ್ಲಿರುವಾಗ ಎಡಕ್ಕೊಂದು, ಬಲಕ್ಕೊಂದು ನಳಿಕೆ ಇರುತ್ತವೆ. 1830ರಲ್ಲಿ ಅವನ್ನು ವಿವರಿಸಿದ ಜರ್ಮನಿಯ ಮ್ಯುಲ್ಲರ್ ಹೆಸರಿನಲ್ಲೇ ಅವನ್ನು ಕರೆಯುತ್ತಾರೆ. ಅವೆರಡೂ ಕೂಡಿ ಒಂದು ಗರ್ಭಕೋಶ ಆಗುತ್ತದೆ. ಕೂಡಿದ ಜಾಗದಲ್ಲಿ ಉಳಿಯುವ ಗೋಡೆ ಆಮೇಲೆ ತಾನಾಗಿ ಕರಗುತ್ತದೆ. ನಳಿಕೆಗಳು ಪೂರ್ತಿ ಕೂಡದಿದ್ದರೆ ಬೈಕಾರ್ನುಯೇಟ್. ಕೂಡಿಯೂ ಗೋಡೆ ಕರಗದಿದ್ದರೆ ಸೆಪ್ಟೇಟ್. ಬೈಕಾರ್ನುಯೇಟ್‌ನಲ್ಲಿ ಗರ್ಭಕೋಶದ ಹೊರಮೈಯ ನೆತ್ತಿಯೇ ತಗ್ಗಾಗಿರುತ್ತದೆ. ಸೆಪ್ಟೇಟ್‌ನಲ್ಲಿ ಹೊರಮೈ ಮಾಮೂಲಿಯಾಗೇ ಇರುತ್ತದೆ. ಸಾದಾ ಸ್ಕ್ಯಾನಿಂಗ್‌ನಲ್ಲಿ ಇದು ಎಷ್ಟೋ ಸಲ ಸ್ಪಷ್ಟವಾಗುವುದಿಲ್ಲ, ತ್ರೀಡಿ ಸ್ಕ್ಯಾನ್ ಅಥವಾ ಎಂಆರ್‌ಐ ಬೇಕಾಗುತ್ತದೆ. ರಿಪೋರ್ಟಿನಲ್ಲಿ ‘ಇದೋ ಅದೋ’ ಅಂತ ಇದ್ದರೆ ನಾನು ಸುಮ್ನೆ ಒಂದನ್ನು ಆರಿಸುವ ಹಾಗಿಲ್ಲ. ಫೈಲ್ ವಾಪಸ್ ವೈದ್ಯರ ಟೇಬಲ್ಲಿಗೆ ಹೋಗುತ್ತದೆ.

ಚಿಕಿತ್ಸೆಯೂ ಬೇರೆ. ಸೆಪ್ಟಮ್ ಅನ್ನು ಗರ್ಭಕೋಶದ ಬಾಯಿಯ ಮೂಲಕವೇ ದುರ್ಬೀನು ಹಾಕಿ ಕತ್ತರಿಸಬಹುದು. (ಎಲ್ಲರಿಗೂ ಕತ್ತರಿಸಬೇಕಾ ಅನ್ನುವ ಬಗ್ಗೆ ವೈದ್ಯರಲ್ಲೇ ಒಮ್ಮತ ಇಲ್ಲ.) ಬೈಕಾರ್ನುಯೇಟ್‌ಗೆ ಅದೇ ಕತ್ತರಿ ಹಾಕಿದರೆ ಗರ್ಭಕೋಶ ತೂತಾಗುವ ಭಯ. ಹಾಗಾಗಿ ಎರಡನ್ನೂ ‘ಎರಡು ಗರ್ಭಕೋಶ’ ಅಂದುಬಿಡುವುದು ನನಗೆ ಒಪ್ಪಿಗೆಯಿಲ್ಲ.

ಈಗ ಪದಗಳಿಗೆ ಬರೋಣ. ಬೈಕಾರ್ನುಯೇಟ್‌ಗೆ ಪುಸ್ತಕದವರು ‘ದ್ವಿಶೃಂಗ’ ಅನ್ನಬಹುದು. ‘ಎರಡು ಕೊಂಬಿನ’ ಅಂದರೆ ಜನ ಬೆಚ್ಚುತ್ತಾರೆ. ‘ಕವಲು ಗರ್ಭಕೋಶ’ ಸಾಕು ಅನ್ನಿಸುತ್ತದೆ. ಮರ, ಹೊಳೆ, ದಾರಿ ಎಲ್ಲಕ್ಕೂ ಕವಲು ಗೊತ್ತಿದೆ ಅಲ್ವಾ?

ತಲೆನೋವು ಸೆಪ್ಟಮ್‌ನದ್ದು. ‘ಪೊರೆ’ ಅಂದರೆ ಕಣ್ಣಿನ ಪೊರೆ ನೆನಪಾಗುತ್ತದೆ, ಹೆರಿಗೆ ವಾರ್ಡಿನಲ್ಲಾದರೆ ಕನ್ಯಾಪೊರೆ. ಅದು ಹುಟ್ಟಿನಿಂದಲೇ ಮುಚ್ಚಿಕೊಂಡಿರುವುದು ಬೇರೆಯೇ ಸಮಸ್ಯೆ, ಕೋಡ್ ಕೂಡ ಬೇರೆ, ಕ್ಯೂ 52.3. ‘ತಡೆ’ ಬೇಡ, ಮುಟ್ಟಿನ ರಕ್ತಕ್ಕೆ ತಡೆ ಇದೆ ಅಂತ ಆಗುತ್ತದೆ. ಸಾಮಾನ್ಯವಾಗಿ ಇಲ್ಲಿ ಹಾಗೇನೂ ಇರುವುದಿಲ್ಲ. ‘ಅಡ್ಡಗೋಡೆ’ ಕೇಳಲು ಚೆನ್ನಾಗಿದೆ. ಆದರೆ ಯೋನಿಗೆ ನಿಜವಾಗಿಯೂ ಅಡ್ಡಲಾಗಿ ಬರುವ ಸೆಪ್ಟಮ್ ಇನ್ನೊಂದಿದೆ, ಅಲ್ಲಿಗೆ ಏನು ಹೇಳುವುದು? ಶಿರಸಿಯ ಸಹೋದ್ಯೋಗಿಯೊಬ್ಬರು ‘ತಡಿಕೆ’ (ಬಿದಿರು ಮುಂತಾದವುಗಳಿಂದ ಹೆಣೆದ ಮರೆ) ಅಂದರು. ನನಗಂತೂ ತುಂಬಾ ಹಿಡಿಸಿತು. ನಮ್ಮ ವಾರ್ಡಿನ ಎಳೆಯ ನರ್ಸ್‌ಗಳಿಗೆ ಮಾತ್ರ ಅದನ್ನು ಬಿಡಿಸಿ ಹೇಳಬೇಕಾಯಿತು.

ನನ್ನ ಒಲವು ‘ನಡುಗೋಡೆ’ ಕಡೆಗೆ. ‘ಗರ್ಭಕೋಶ ಒಂದೇ ಇದೆ. ಒಳಗೆ ಕರಗದೆ ಉಳಿದ ನಡುಗೋಡೆ ಇದೆ’ ಎಂದು ಬರೆಯಬೇಕೆಂದಿದ್ದೇನೆ. ಒಂದು ಅನುಮಾನ ಇದೆ. ಗರ್ಭಕೋಶದ ಸುತ್ತಿನ ಮಾಂಸಕ್ಕೂ ನಾವು ಗೋಡೆ ಅಂತಲೇ ಹೇಳುತ್ತೇವೆ. ಓದುವವರಿಗೆ ಇದು ಗಲಿಬಿಲಿ ಮಾಡೀತೇ?

‘ಜನ್ಮದೋಷ’ ಮಾತ್ರ ಹೋಗಲೇಬೇಕು. ನಮ್ಮ ಕರಾವಳಿಯಲ್ಲಿ ದೋಷ ಅಂದ ಕೂಡಲೇ ನಾಗದೋಷ, ಕುಜದೋಷ ಅಂತ ಮನಸ್ಸು ಓಡುತ್ತದೆ. ಸ್ಕ್ಯಾನ್ ಮಾಡಿಸುವುದಕ್ಕೆ ಮೊದಲು ಗೋಕರ್ಣಕ್ಕೆ ಹೋಗಿ ಶಾಂತಿ ಮಾಡಿಸುವ ಮಾತು ಬರುತ್ತದೆ. ‘ಊನ’ ಇನ್ನೂ ಕಟು. ‘ಹುಟ್ಟಿನಿಂದ ಬಂದದ್ದು’ ಅಂದರೆ ಸಾಲದೇ? ಇಂಥವರಲ್ಲಿ ಕೆಲವರಿಗೆ ಎರಡು ಮೂತ್ರಪಿಂಡಗಳ ಪೈಕಿ ಒಂದು ಇರುವುದಿಲ್ಲ. ಆಗ ಅದಕ್ಕೆ ಕ್ಯೂ 60.0 ಬೇರೆಯಾಗಿ ಬರೆಯಬೇಕು. ಅಲ್ಲೂ ಇದೇ ಮಾತು ಬಳಸಬಹುದು.

ಇಂಗ್ಲಿಷ್ ಹೆಸರು, ಕೋಡ್ ಎರಡೂ ಚೀಟಿಯ ಇನ್ನೊಂದು ಮಗ್ಗುಲಲ್ಲಿ ಇದ್ದೇ ಇರುತ್ತವೆ. ಇಲ್ಲಿಂದ ಮಣಿಪಾಲಕ್ಕೋ ಹುಬ್ಬಳ್ಳಿಗೋ ಗೋವಾದ ಬಾಂಬೋಳಿಗೋ ದೊಡ್ಡ ಆಸ್ಪತ್ರೆಗೆ ಹೋಗುವವರಿಗೆ ಅದು ಬೇಕು.

ಭಟ್ಕಳ, ಹೊನ್ನಾವರ, ಸಿದ್ದಾಪುರ ಕಡೆಯವರು ದಯವಿಟ್ಟು ಹೇಳಿ: ನಿಮ್ಮಲ್ಲಿ ‘ನಡುಗೋಡೆ’ ಕೇಳಿದರೆ ಏನು ಅರ್ಥ ಆಗುತ್ತದೆ? ಹೆರಿಗೆ ಮಾಡಿಸುತ್ತಿದ್ದ ಹಿರಿಯ ಅಮ್ಮಂದಿರ ಬಾಯಲ್ಲಿ ಇದಕ್ಕೆ ಬೇರೆ ಮಾತು ಕೇಳಿದ್ದೀರಾ?